ಗೌರಜ್ಜಿಯನ್ನ ಉಳಿಸಿ ಅಂದರು

"ಅಕ್ಕಾ, ಗೌರಜ್ಜಿನ ಯಾಕೆ ಸಾಯಿಸಿದ್ರಿ?"

ಹಿರಿಯೂರಿನ ಕಡೆಯ ಒಬ್ಬ ಹುಡುಗ ಕಳಿಸಿದ ವಾಯ್ಸ್ ಮೆಸೇಜ್ ಅದು. ರಾತ್ರಿ ಹನ್ನೊಂದೂವರೆ ಆಗಿತ್ತು. ಅವನ ಗಂಟಲು ಕಟ್ಟಿತ್ತು. ಆ ಹುಡುಗನ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. ಗೌರಜ್ಜಿ ಅನ್ನೋರು ನಿಜವಾಗಿ ಯಾರೂ ಇಲ್ಲ, ನಾವು ಮಾಡಿದ ಗೇಮಿನ ಒಂದು ಪಾತ್ರ. ಆದರೂ ಆ ಮಾತು ಕೇಳಿ ಸಾವಿನ ಮನೆ ಬಾಗಿಲಲ್ಲಿ ನಿಂತ ಹಾಗಾಯಿತು. ಅವನಿಗೆ ಸರಿಯಾದ ಉತ್ತರ ಕೊಡೋಕೆ ನನಗೆ ನಾಲ್ಕು ತಿಂಗಳು ಹಿಡಿಯಿತು.

ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟು, ಇವೇ ಕೆಲಸ. ತವರು ಚಿತ್ರದುರ್ಗ. ನಮ್ಮ ಬಾಯಲ್ಲಿ ಬರೀ ದುರ್ಗ. ಅಕ್ಕನ ಮಗ ಇಂಜಿನಿಯರಿಂಗ್ ಓದೋಕೆ ಬಂದವನು ನಮ್ಮ ಮನೆಯಲ್ಲೇ ಉಳಿದ. ಅವನ ಲ್ಯಾಪ್‌ಟಾಪಿನಲ್ಲೇ ನಾನು ಮೊದಲ ಸಲ ಆರ್‌ಪಿಜಿ ನೋಡಿದ್ದು. ರೋಲ್ ಪ್ಲೇಯಿಂಗ್ ಗೇಮ್ ಅಂದರೆ ನೀವೇ ಒಂದು ಪಾತ್ರ ಆಗೋ ಆಟ. ಬರೀ ಓಡೋದು, ಹೊಡೆಯೋದು ಅಲ್ಲ. ಯಾರ ಹತ್ತಿರ ಏನು ಮಾತಾಡಬೇಕು, ಯಾರ ಪಕ್ಷ ಹಿಡಿಯಬೇಕು, ಯಾರನ್ನು ಕೈಬಿಡಬೇಕು ಅನ್ನೋದೆಲ್ಲ ನಿಮ್ಮದೇ ತೀರ್ಮಾನ. ನೀವು ಮಾಡಿದ್ದಕ್ಕೆ ತಕ್ಕ ಹಾಗೆ ಕಥೆ ತಿರುಗುತ್ತೆ. ಇದು ನನಗೆ ತುಂಬಾ ಹಿಡಿಸಿತು. ಮಂಡಕ್ಕಿ, ಮಿರ್ಚಿ ತಟ್ಟೆ ಇಟ್ಟುಕೊಂಡು ಅವನ ಪಕ್ಕ ಕೂತು ಎಷ್ಟೋ ರಾತ್ರಿ ಕಳೆದಿದ್ದೇನೆ.

2022ರ ಮಳೆಗಾಲದಲ್ಲಿ ಅವನನ್ನ ದುರ್ಗದ ಕೋಟೆಗೆ ಕರೆದುಕೊಂಡು ಹೋದೆ. ಬಂದವರೆಲ್ಲ ಒನಕೆ ಓಬವ್ವನ ಕಿಂಡಿ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಚಿಕ್ಕವಳಿದ್ದಾಗಿನಿಂದ ಅಲ್ಲಿನ ಹೊಂಡಗಳೇ ಇಷ್ಟ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ. ಬಂಡೆ ಮೇಲೆ ಬಿದ್ದ ಮಳೆ ಹರಿದು ಬಂದು ಮೇಲಿನ ಹೊಂಡ ತುಂಬುತ್ತೆ, ಅಲ್ಲಿ ಹೆಚ್ಚಾದದ್ದು ಕೆಳಗಿನದಕ್ಕೆ ಇಳಿಯುತ್ತೆ. ಮಳೆ ಕಡಿಮೆ ಬೀಳೋ ಸೀಮೆಯಲ್ಲಿ, ಕಲ್ಲಿನ ಬೆಟ್ಟದ ಮೇಲೆ ಅಷ್ಟು ಜನ ಬದುಕಿದ್ದು ಈ ನೀರಿನಿಂದ. 1779ರಲ್ಲಿ ಹೈದರಾಲಿ ಕೈಗೆ ಹೋಗೋ ಮುಂಚೆ ಆ ಕೋಟೆ ಎಷ್ಟೋ ಮುತ್ತಿಗೆ ಕಂಡಿದೆ. ಮುತ್ತಿಗೆ ಅಂದಕೂಡಲೇ ಎಲ್ಲರಿಗೂ ಕತ್ತಿ, ಕುದುರೆ ಕಣ್ಣಿಗೆ ಬರುತ್ತವೆ. ಒಳಗಿದ್ದವರು ನೀರನ್ನ ಹೇಗೆ ಹಂಚಿಕೊಂಡರು ಅಂತ ಯಾರು ಕೇಳುತ್ತಾರೆ?

ನಾನು ಅದನ್ನೇ ಕೇಳಿದೆ. ಅವನು ತಿರುಗಿ ನೋಡಿ, "ಚಿಕ್ಕಮ್ಮ, ಇದು ಗೇಮ್ ಆಗುತ್ತೆ" ಅಂದ.

ಹಾಗೆ 'ತೂಬು' ಶುರುವಾಯಿತು. ದುರ್ಗದ ಹೆಸರು ಇಡಲಿಲ್ಲ, ಇತಿಹಾಸ ಅಂತ ಯಾರೂ ತಿಳಿದುಕೊಳ್ಳಬಾರದು ಅಂತ. ಹೆಸರಿಲ್ಲದ ಒಂದು ಪಾಳೆಯಗಾರರ ಕೋಟೆ. ಸುತ್ತ ಶತ್ರುಗಳ ಪಾಳ್ಯ. ನೀವು ನೀರುಗಂಟಿ. ನಮ್ಮ ಹಳ್ಳಿಗಳಲ್ಲಿ ಕೆರೆ ನೀರನ್ನ ಲೆಕ್ಕ ಹಾಕಿ ಗದ್ದೆಗೆ ಬಿಡುತ್ತಿದ್ದವನೇ ನೀರುಗಂಟಿ, ಸುಗ್ಗಿಯಲ್ಲಿ ಸಿಗೋ ಕಾಳೇ ಅವನ ಕೂಲಿ. ಗೇಮಿನಲ್ಲಿ ಅವನ ಕೈಯಲ್ಲಿ ಮೂರು ಹೊಂಡಗಳಿವೆ, ಮುತ್ತಿಗೆ ನಲವತ್ತು ದಿನ. ಗೌರಜ್ಜಿ ಅವನನ್ನ ಸಾಕಿದ ಮುದುಕಿ. ಮೇಲಿನ ಸುತ್ತಿನಲ್ಲಿ ಕಾಯಿಲೆ ಬಿದ್ದ ಆರು ಜನರನ್ನ ನೋಡಿಕೊಂಡು ಇರುತ್ತಾಳೆ. ಮೂವತ್ತೊಂದನೇ ದಿನ ಮೇಲಿನ ಹೊಂಡದಲ್ಲಿ ಉಳಿದ ನೀರು ಒಂದೇ ಕಡೆಗೆ ಸಾಕು. ತೂಬು ಎತ್ತಿದರೆ ಕೆಳಗಿನ ಕೇರಿಯ ಮಕ್ಕಳು ಬದುಕುತ್ತಾರೆ, ಮೇಲಿನವರಿಗೆ ನೀರಿಲ್ಲ. ಎತ್ತದಿದ್ದರೆ ಗೌರಜ್ಜಿ ಉಳಿಯುತ್ತಾಳೆ, ಕೇರಿ ಒಣಗುತ್ತೆ.

ಮೊದಲು ಕಾಗದದ ಮೇಲೆ ಆಡಿದೆವು. ಅಂಗಡಿ ಶಟರ್ ಅರ್ಧ ಇಳಿಸಿ, ಕಟಿಂಗ್ ಟೇಬಲ್ ಸುತ್ತ ಕೂರುತ್ತಿದ್ದೆವು. ಅಕ್ಕನ ಮಗ, ಅವನ ಮೂವರು ಗೆಳೆಯರು, ಪಕ್ಕದ ಟೈಲರ್ ಅಂಗಡಿಯ ಅಣ್ಣ. ನಾನು ಕಥೆ ಹೇಳೋಳು, ಅವರು ಪಾತ್ರ. ಈ ಥರದ ಗೇಮ್ ಹುಟ್ಟಿದ್ದೂ ಹೀಗೇ, ಟೇಬಲ್ ಸುತ್ತ ಕೂತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರತಂದಾಗ ಅದರಲ್ಲಿ ಕಂಪ್ಯೂಟರ್ ಇರಲಿಲ್ಲ. ಕಾಗದ, ಪೆನ್ಸಿಲ್, ದಾಳ, ಎದುರಿಗೆ ಕೂತ ಜನ. ಆಟಗಾರ ಏನೋ ಅಂತಾನೆ, ಕಥೆ ಹೇಳುವವರು ಅದನ್ನ ಕೇಳಿಸಿಕೊಂಡು ಮುಂದಕ್ಕೆ ಒಯ್ಯುತ್ತಾರೆ. ಕೇಳಿಸಿಕೊಳ್ಳದಿದ್ದರೆ ಆಟವೇ ಇಲ್ಲ. ಆರ್‌ಪಿಜಿ ಮಾಡೋರು ಅಭಿಮಾನಿಗಳ ಮಾತು ಕೇಳಬೇಕಾ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗೋದು ಆ ಕಟಿಂಗ್ ಟೇಬಲ್ಲು.

ಮೂವತ್ತೊಂದನೇ ದಿನ ಬಂತು. ಟೈಲರ್ ಅಣ್ಣ ಎರಡೂ ಬೇಡ ಅಂದರು. "ನಾನು ಅಜ್ಜಿನ ಬೆನ್ನ ಮೇಲೆ ಹೊತ್ಕೊಂಡು ಕೆಳಗಿಳೀತೀನಿ." ನಾನು ಒಂದು ಕ್ಷಣ ಸುಮ್ಮನಾದೆ. ಆಮೇಲೆ ದಾಳ ಹಾಕಿಸಿದೆ. ಬಿತ್ತೋ ಇಲ್ಲವೋ ಈಗ ನೆನಪಿಲ್ಲ, ಆ ಮಾತನ್ನ ನಾನು ಬರೆದಿಟ್ಟುಕೊಳ್ಳಲಿಲ್ಲ. ಕಂಪ್ಯೂಟರಿಗೆ ಹಾಕುವಾಗ ಎರಡೇ ದಾರಿ ಉಳಿಸಿದೆ. ಅದು ಮುಂದೆ ನನಗೆ ದುಬಾರಿಯಾಯಿತು.

ಕಂಪ್ಯೂಟರಿಗೆ ಬಂದಾಗ ಮೊದಲ ಕಷ್ಟ ಕನ್ನಡದ್ದೇ. ಗೊಡಾಟ್ ಅನ್ನೋ ಉಚಿತ ಎಂಜಿನ್, ಅಂದರೆ ಗೇಮ್ ಕಟ್ಟೋ ಸಾಫ್ಟ್‌ವೇರ್, ಹಿಡಿದಿದ್ದೆವು. ಆಗಿದ್ದ ಮೂರನೇ ಆವೃತ್ತಿಯಲ್ಲಿ ಒತ್ತಕ್ಷರ ಕೂಡುತ್ತಿರಲಿಲ್ಲ. ಗೌರಜ್ಜಿ ಅಂತ ಹೊಡೆದರೆ ತೆರೆ ಮೇಲೆ 'ಗೌರಜ್‌ಜಿ' ಅಂತ ಬಿಡಿ ಬಿಡಿಯಾಗಿ ಬೀಳುತ್ತಿತ್ತು. ದಿನವೆಲ್ಲ ಲಗ್ನಪತ್ರಿಕೆಯಲ್ಲಿ ಅಕ್ಷರ ಅಂದಗಾಣಿಸೋಳು ನಾನು, ಅದನ್ನ ನೋಡೋಕೇ ಆಗಲಿಲ್ಲ. 2023ರ ಮಾರ್ಚಿನಲ್ಲಿ ನಾಲ್ಕನೇ ಆವೃತ್ತಿ ಬಂತು, ಅಕ್ಷರ ಜೋಡಿಸೋ ಕೆಲಸ ಅದರಲ್ಲಿ ಸರಿಯಾಗಿತ್ತು. ಆರು ತಿಂಗಳ ಕೆಲಸವನ್ನ ಅದಕ್ಕೆ ವರ್ಗಾಯಿಸಿದೆವು. ಅಂಗಡಿಯಲ್ಲಿ ಹಳೇ 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟಿದ್ದ ಡೈಲಾಗನ್ನೆಲ್ಲ ಯೂನಿಕೋಡಿಗೆ ತಿರುಗಿಸಿ, ಒಂದೊಂದೇ ಸಾಲು ಓದಿ ತಿದ್ದಿದೆ.

ಆಮೇಲೂ ಒಂದು ತೊಡಕು ಉಳಿಯಿತು. ಅದನ್ನ ಹಿಡಿದಿದ್ದು ನಾವಲ್ಲ, ದುರ್ಗದಲ್ಲಿ ನನ್ನ ಅಮ್ಮ. ಡೈಲಾಗ್ ಒಂದೊಂದೇ ಅಕ್ಷರವಾಗಿ ಮೂಡೋ ಹಾಗೆ ಮಾಡಿದ್ದೆವು, ಎಲ್ಲ ಗೇಮಿನಲ್ಲೂ ಇರುತ್ತಲ್ಲ ಹಾಗೆ. ಅಮ್ಮ ಕನ್ನಡಕ ಏರಿಸಿ ಗಟ್ಟಿಯಾಗಿ ಓದೋಕೆ ಶುರು ಮಾಡಿದರು. ಎರಡು ಸಾಲಿಗೆ ನಿಲ್ಲಿಸಿದರು. "ಅಕ್ಷರ ಕುಣೀತಾವಲ್ಲೇ. 'ಅಜ' ಅಂತ ಬಂತು, ಓದೋಷ್ಟರಲ್ಲಿ 'ಅಜ್' ಆಯ್ತು, ಆಮೇಲೆ 'ಅಜ್ಜ', ಆಮೇಲೆ 'ಅಜ್ಜಿ'. ಗಂಡೋ ಹೆಣ್ಣೋ ಗೊತ್ತಾಗಲ್ಲ." ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಬಂದರೆ ಬಂತು, ಕನ್ನಡದಲ್ಲಿ ಮುಂದಿನದು ಬಂದು ಹಿಂದಿನದನ್ನೇ ಬದಲಾಯಿಸುತ್ತೆ. ಅವತ್ತೇ ಪದ ಪದವಾಗಿ ಮೂಡೋ ಹಾಗೆ ಮಾಡಿದೆವು. ಇಂಥ ಮಾತಿಗೆ ಯೋಚನೆಯೇ ಬೇಕಿಲ್ಲ. ಕೇಳಬೇಕು, ತಿದ್ದಬೇಕು, ಅಷ್ಟೆ.

2024ರ ಸಂಕ್ರಾಂತಿ ಕಳೆದ ಮೇಲೆ ಗೇಮನ್ನ 43 ಜನರಿಗೆ ಕಳಿಸಿದೆವು. ಗೊತ್ತಿರೋರು, ಅವರಿಗೆ ಗೊತ್ತಿರೋರು. ದಾವಣಗೆರೆ, ದುರ್ಗ, ಹರಿಹರ, ಚಳ್ಳಕೆರೆ, ಜಗಳೂರು. ಅನಿಸಿದ್ದನ್ನ ಹೇಳಿ, ಬರೆಯೋಕೆ ಬೇಜಾರಾದರೆ ಮಾತಾಡಿ ಕಳಿಸಿ ಅಂದೆ. ಬಂದದ್ದನ್ನೆಲ್ಲ ಒಂದು ಉದ್ದನೆ ಲೆಡ್ಜರ್ ಪುಸ್ತಕದಲ್ಲಿ ಬರೆದುಕೊಂಡೆ. ಯಾರು, ಯಾವ ದೃಶ್ಯ, ಅವರದೇ ಮಾತಿನಲ್ಲಿ ಏನು ಅಂದರು. ಅವರದೇ ಮಾತಿನಲ್ಲಿ ಬರೆದಿಟ್ಟಿದ್ದು ಒಳ್ಳೆಯದಾಯಿತು. ನನ್ನ ಮಾತಿಗೆ ತಿರುಗಿಸಿದ್ದರೆ ಅರ್ಧ ವಿಷಯ ಸೋರಿಹೋಗುತ್ತಿತ್ತು.

ಜಗಳೂರಿನ ಒಬ್ಬ ಹೆಣ್ಣುಮಗಳ ಮಾತು ಅದರಲ್ಲಿದೆ. ದಳವಾಯಿ ಬಂದು ನೀರುಗಂಟಿಯನ್ನ ಬೈಯೋ ದೃಶ್ಯ. ನೀರು ಕದ್ದಿದ್ದೀಯ ಅಂತ ಆರೋಪ. ಆಟಗಾರರಿಗೆ ಮೂರು ಉತ್ತರ ಕೊಟ್ಟಿದ್ದೆ: ಕೈ ಮುಗಿ, ತಿರುಗಿ ಬೈ, ಸುಮ್ಮನೆ ನಿಲ್ಲು. ಅವರು ಅಂದರು, "ಮೂರರಲ್ಲಿ ಒಂದೂ ನನ್ನ ಮಾತಲ್ಲ ಮೇಡಂ. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯೋಳು. ಕದ್ದೆ ಅಂದ್ರೆ ನಾನು ಲೆಕ್ಕ ತೋರಿಸ್ತಿದ್ದೆ."

ಈ ಮಾತನ್ನ ಒಪ್ಪೋಕೆ ನನಗೆ ಎರಡು ವಾರ ಬೇಕಾಯಿತು. ಆ ದೃಶ್ಯ ನನಗೆ ತುಂಬಾ ಪ್ರೀತಿಯದು. ನೀರುಗಂಟಿಯ ಅವಮಾನ ಆಟಗಾರರಿಗೆ ತಟ್ಟಬೇಕು ಅಂತ ಹಟ ಇತ್ತು. ಆದರೆ ನೀರುಗಂಟಿ ನನ್ನವನಲ್ಲ, ಆಡುವವರವನು. ಪಾತ್ರವನ್ನ ಅವರ ಕೈಗೆ ಕೊಟ್ಟ ಮೇಲೆ "ಅವನು ಹೀಗೆ ಮಾತಾಡಲ್ಲ" ಅಂತ ಹೇಳೋ ಹಕ್ಕು ಅವರಿಗೆ ಇದೆ, ಅಲ್ವಾ? ನಾಲ್ಕನೇ ಉತ್ತರ ಸೇರಿಸಿದೆ. ದಿನಕ್ಕೊಂದು ಗೀರು ಹಾಕಿದ ಬಿದಿರಿನ ಕೋಲನ್ನ ನೀರುಗಂಟಿ ದಳವಾಯಿಯ ಮುಂದೆ ಇಡುತ್ತಾನೆ. ದಳವಾಯಿ ಅದನ್ನ ಕೈಯಲ್ಲಿ ತಿರುಗಿಸಿ ನೋಡಿ, ಏನೂ ಅನ್ನದೆ ಹೊರಟುಹೋಗುತ್ತಾನೆ. ಇವತ್ತು ಗೇಮಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಅದೇ.

ಇಷ್ಟರವರೆಗೆ ಕೇಳಿದ್ದೆಲ್ಲ ಒಳ್ಳೆಯದೇ ಆಯಿತು. ಹಾಗಾಗಿ ಗೌರಜ್ಜಿಯ ಮಾತು ಬಂದಾಗಲೂ ಕೇಳಬೇಕು ಅಂತಲೇ ಇದ್ದೆ.

ಆ ಮಾತು ಬಂದಿದ್ದು ಒಂದೆರಡಲ್ಲ. ಉಳಿಸಿ, ಉಳಿಸೋ ದಾರಿ ಕೊಡಿ, ಇಷ್ಟು ಒಳ್ಳೆ ಅಜ್ಜಿನ ಕೊಂದರೆ ಆಟ ಯಾಕೆ ಆಡಬೇಕು. ಒಬ್ಬರು ಅಳೋ ಮುಖದ ಇಮೋಜಿ ಹನ್ನೆರಡು ಕಳಿಸಿದ್ದರು. ನಾವು ಮತ ಹಾಕಿಸಿದೆವು. 43ರಲ್ಲಿ 31 ಜನ ಉಳಿಸಿ ಅಂದರು.

ಅಕ್ಕನ ಮಗ ಆಗ ನನಗೆ 'ಮಾಸ್ ಎಫೆಕ್ಟ್'ನ ಕಥೆ ಹೇಳಿದ. ಮೂರು ಭಾಗದ ಆರ್‌ಪಿಜಿ ಅದು. 2007, 2010, 2012ರಲ್ಲಿ ಒಂದೊಂದು ಬಂತು. ಮೊದಲ ಭಾಗದಲ್ಲಿ ನೀವು ಮಾಡಿದ್ದು ಮೂರನೆಯದಕ್ಕೂ ಜೊತೆ ಬರುತ್ತೆ. ಐದು ವರ್ಷ ಜನ ಒಂದೇ ಪಾತ್ರವಾಗಿ ಬದುಕಿದರು. ಕೊನೆಯಲ್ಲಿ ಮೂರು ಆಯ್ಕೆ ಸಿಕ್ಕವು, ಕೆಂಪು, ನೀಲಿ, ಹಸಿರು. ಯಾವುದು ಒತ್ತಿದರೂ ಹೆಚ್ಚುಕಡಿಮೆ ಅದೇ ದೃಶ್ಯ, ಬೆಳಕಿನ ಬಣ್ಣ ಬೇರೆ. ಅಭಿಮಾನಿಗಳು ಕೆರಳಿದರು. ಮಾಡಿದ ಕಂಪನಿ ಬಯೋವೇರ್‌ಗೆ ಮೂರು ಬಣ್ಣದ ಕಪ್ ಕೇಕ್ ಕಳಿಸಿದರು. ಬಣ್ಣ ಮೂರು, ರುಚಿ ಮಾತ್ರ ಎಲ್ಲದಕ್ಕೂ ಒಂದೇ! ಮಾರ್ಚಿನಲ್ಲಿ ಗೇಮ್ ಬಂದಿತ್ತು, ಜೂನಿನಲ್ಲಿ ಕಂಪನಿ ಕೊನೆಯ ಭಾಗವನ್ನ ಹಿಗ್ಗಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟಿತು.

"ನೋಡಿ ಚಿಕ್ಕಮ್ಮ, ಅಷ್ಟು ದೊಡ್ಡವರೇ ಕೇಳಿದ್ರು" ಅಂದ. ನಾನೂ ಹೌದಲ್ಲ ಅಂದುಕೊಂಡೆ. ಆ ಕಥೆಯನ್ನ ಇಬ್ಬರೂ ಅರ್ಧ ಮಾತ್ರ ಅರ್ಥ ಮಾಡಿಕೊಂಡಿದ್ದೆವು.

ಮಾರ್ಚಿನಲ್ಲಿ ಮೂರನೇ ದಾರಿ ಹಾಕಿದೆ. ಹದಿನೆಂಟನೇ ದಿನ ನೀವು ಬಂಡೆಯ ಸಂದಿಯಲ್ಲಿ ಹುಡುಕಿದರೆ ಒಂದು ಒರತೆ ಸಿಗುತ್ತೆ. ಅದನ್ನ ತೋಡಿಕೊಂಡರೆ ಮೂವತ್ತೊಂದನೇ ದಿನ ಇಬ್ಬರಿಗೂ ನೀರು. ಗೌರಜ್ಜಿ ಉಳಿದಳು, ಕೇರಿಯೂ ಉಳಿಯಿತು. ಎಲ್ಲರೂ ಥ್ಯಾಂಕ್ಸ್ ಹೇಳಿದರು. ಹೃದಯದ ಚಿತ್ರ ಬಂದವು. ಒಂದು ವಾರ ನಾನು ಖುಷಿಯಲ್ಲೇ ಇದ್ದೆ.

ಆಮೇಲೆ ಲೆಡ್ಜರ್ ಖಾಲಿಯಾಯಿತು. ಯಾರೂ ಬಯ್ಯಲಿಲ್ಲ, ಯಾರೂ ಹೊಗಳಲಿಲ್ಲ, ಯಾರೂ ಏನೂ ಕೇಳಲಿಲ್ಲ. ಒರತೆ ಎಲ್ಲಿದೆ ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟರು, ಎಲ್ಲರೂ ಅದೇ ದಾರಿಯಲ್ಲಿ ಹೋಗಿ ಮುಗಿಸಿದರು.

ಏನಾಯಿತು ಅಂತ ನನಗೆ ಗೊತ್ತಾಗಿದ್ದು ಅಂಗಡಿಯಲ್ಲಿ, ಕಣ್ಣೆದುರು. ಫೆಬ್ರವರಿಯಲ್ಲಿ, ಅಂದರೆ ಒರತೆ ಹಾಕೋ ಮುಂಚೆ, ಒಬ್ಬ ಕಾಲೇಜು ಹುಡುಗಿ ಪ್ರಾಜೆಕ್ಟ್ ರಿಪೋರ್ಟಿಗೆ ಸ್ಪೈರಲ್ ಬೈಂಡಿಂಗ್ ಮಾಡಿಸೋಕೆ ಬಂದಿದ್ದಳು. ಕಾಯೋ ಹೊತ್ತಿನಲ್ಲಿ ಆಡು ಅಂತ ಫೋನ್ ಕೊಟ್ಟಿದ್ದೆ. ದಿನಾ ಬಂದು ಸ್ವಲ್ಪ ಸ್ವಲ್ಪ ಆಡೋಕೆ ಶುರು ಮಾಡಿದಳು. ಒಂದು ಸಂಜೆ ಮೂವತ್ತೊಂದನೇ ದಿನ ತಲುಪಿದಳು. ಅವಳ ಹೆಬ್ಬೆರಳು ತೂಬಿನ ಮೇಲೆ ಬಂದು ನಿಂತಿತು. ಒತ್ತಲಿಲ್ಲ. ಗಾಜಿಗೆ ತಾಗಿಯೂ ತಾಗದ ಹಾಗೆ ನಿಂತೇ ಇತ್ತು. ನಾನು ಪಂಚಿಂಗ್ ಮಷಿನ್ ಕೆಲಸ ನಿಲ್ಲಿಸಿದೆ. ಅವಳು ಗೌರಜ್ಜಿಯ ಮನೆಗೆ ವಾಪಸ್ ಹೋದಳು, ಅವಳ ಜೊತೆ ಇನ್ನೊಂದು ಸಲ ಮಾತಾಡಿದಳು, ಮತ್ತೆ ತೂಬಿನ ಹತ್ತಿರ ಬಂದಳು. ಫೋನನ್ನ ಟೇಬಲ್ ಮೇಲೆ ಮಗುಚಿ ಇಟ್ಟು, "ನಾಳೆ ಬರ್ತೀನಿ ಆಂಟಿ" ಅಂದು ಹೊರಟಳು. ಮಾರನೇ ದಿನ ಬಂದು ನಿಂತುಕೊಂಡೇ ಒತ್ತಿದಳು. ತೂಬು ಎತ್ತಿದಳು. ಆಮೇಲೆ ಕುರ್ಚಿಯಲ್ಲಿ ಕೂತು, "ನಮ್ಮಜ್ಜಿ ಹಿಂಗೇ ಇದ್ರು" ಅಂದಳು.

ಏಪ್ರಿಲಿನಲ್ಲಿ ಅವಳದೇ ಗೆಳತಿ ಅದೇ ಕುರ್ಚಿಯಲ್ಲಿ ಕೂತು ಹೊಸದನ್ನ ಆಡಿದಳು. ಒರತೆ ತೋಡಿದಳು. ಮೂವತ್ತೊಂದನೇ ದಿನ ಟಕ್ ಟಕ್ ಅಂತ ಒತ್ತಿ ಮುಂದೆ ಹೋದಳು. ಗೌರಜ್ಜಿ ಆಡೋ ಮಾತನ್ನ ಪೂರ್ತಿ ಓದಲೂ ಇಲ್ಲ. ಆಟ ಮುಗಿಸಿ "ಚೆನ್ನಾಗಿದೆ ಆಂಟಿ" ಅಂದಳು. ಅವಳ ತಪ್ಪಿಲ್ಲ. ಅವಳಿಗೆ ಬೇಕಾದದ್ದನ್ನ ನಾನೇ ಕೊಟ್ಟಿದ್ದೆ. ಗೌರಜ್ಜಿಯ ಜೀವ ಉಳಿಸಿದ್ದೆ, ಗೌರಜ್ಜಿಯನ್ನ ಕಳೆದುಕೊಂಡಿದ್ದೆ.

ದಾವಣಗೆರೆ ಕಂಪನಿ ನಾಟಕಗಳ ಊರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಂದು ನೋಡುತ್ತಿದ್ದೆ. ಹಾಡು ಹಿಡಿಸಿದರೆ ಜನ ಒನ್ಸ್ ಮೋರ್ ಅಂತ ಕೂಗೋರು, ನಟ ಇನ್ನೊಂದು ಸಲ ಹಾಡೋನು. ಎಷ್ಟು ಸಲ ಕೂಗಿದರೆ ಅಷ್ಟು ಸಲ. ಆದರೆ ಮುಂದಿನ ಅಂಕದಲ್ಲಿ ಸಾಯೋ ಮಗನನ್ನ ಬದುಕಿಸಿ ಅಂತ ಯಾರೂ ಕೂಗಿದ್ದು ನಾನು ಕೇಳಿಲ್ಲ. ಅತ್ತುಕೊಂಡು ಮನೆಗೆ ಹೋಗಿ, ನಾಳೆ ಮತ್ತೆ ಬರುತ್ತಿದ್ದರು.

ಅದೇ ದಿನಗಳಲ್ಲಿ ಹೊಳಲ್ಕೆರೆ ಕಡೆಯ ಒಬ್ಬ ಅಜ್ಜ ಮೊಮ್ಮಗನ ಲಗ್ನಪತ್ರಿಕೆ ಹಾಕಿಸೋಕೆ ಬಂದರು. ಅವರ ಮನೆತನದಲ್ಲಿ ಹಿಂದೆ ನೀರುಗಂಟಿ ಕೆಲಸ ಇತ್ತಂತೆ. ಕಾರ್ಡಿನ ಪ್ರೂಫ್ ಬರೋವರೆಗೆ ಅವರನ್ನ ಕೂರಿಸಿ ಕೇಳಿದೆ, ಬರಗಾಲದಲ್ಲಿ ಯಾರಿಗೆ ಬಿಡೋದು ಯಾರಿಗೆ ಬಿಡದು ಅಂತ ಹೇಗೆ ತೀರ್ಮಾನ ಮಾಡುತ್ತಿದ್ದರು? ಅಜ್ಜ ಎಲೆಅಡಿಕೆ ಜಗಿಯೋದನ್ನ ನಿಲ್ಲಿಸಿದರು. "ಊರೋರ್ನೆಲ್ಲ ಕೇಳಬೇಕವ್ವ. ಎಲ್ರೂ ನಂಗೆ ಬಿಡು ನಂಗೆ ಬಿಡು ಅಂತಾರೆ. ಕೇಳ್ಕೋಬೇಕು. ಯಾರ ಪೈರು ಹೂವಾಗೈತಿ, ಯಾರದು ಇನ್ನೂ ಎಳೇದು ಅಂತ ಆ ಮಾತಲ್ಲೇ ಗೊತ್ತಾಗ್ತೈತಿ. ಎಲ್ರೂ ಕೇಳಿದಂಗೆ ಬಿಟ್ರೆ ಒಬ್ರ ಪೈರೂ ಕೈಗೆ ಬರಲ್ಲ."

ಅವರು ಹೋದ ಮೇಲೆ ಲೆಡ್ಜರ್ ತೆಗೆದು ಮೊದಲಿನಿಂದ ಓದಿದೆ. ಈ ಸಲ ಏನು ಬೇಕು ಅಂದರು ಅನ್ನೋದನ್ನ ಬಿಟ್ಟೆ. ಯಾಕೆ ಅಂದರು ಅಂತ ನೋಡಿದೆ. 31 ಜನರಲ್ಲಿ ಹೆಚ್ಚಿನವರು ಅಜ್ಜಿ ಸತ್ತಳಲ್ಲ ಅಂತ ನೊಂದವರು. ಆ ನೋವು ನಾನು ಬಯಸಿದ್ದೇ, ಅದು ತಪ್ಪಲ್ಲ. ಆದರೆ ಏಳೆಂಟು ಜನ ಬೇರೆ ಏನೋ ಹೇಳಿದ್ದರು. ಹಿರಿಯೂರಿನ ಹುಡುಗನ ಮೆಸೇಜಿನ ಕೊನೆಯ ಸಾಲು ಹೀಗಿತ್ತು: "ನಾನು ಅವಳನ್ನ ಹೊತ್ಕೊಂಡು ಇಳೀತಿದ್ದೆ ಅಕ್ಕಾ. ನೀವು ಬಿಡ್ಲಿಲ್ಲ."

ಟೈಲರ್ ಅಣ್ಣನ ಮಾತು. ಹೆಚ್ಚುಕಡಿಮೆ ಅದೇ.

ಆ ಹುಡುಗ ಅಜ್ಜಿ ಬದುಕಲೇಬೇಕು ಅಂತ ಕೇಳಿರಲಿಲ್ಲ. ಕೈಕಾಲು ಗಟ್ಟಿ ಇರೋ ನೀರುಗಂಟಿ ಒಬ್ಬ ಮುದುಕಿಯನ್ನ ಹೊರೋ ಪ್ರಯತ್ನವನ್ನೂ ಮಾಡಲ್ಲ ಅಂದರೆ ನಂಬೋದು ಹೇಗೆ ಅಂತ ಕೇಳಿದ್ದ. ಅದು ನನ್ನ ಕಥೆಯ ತೂತು. ಅದನ್ನ ಹೊಲಿಯೋ ಬದಲು ಒರತೆ ತೋಡಿದ್ದೆ.

ಅಕ್ಕನ ಮಗನಿಗೆ ಇದು ಹೇಳಿದಾಗ, 'ಫಾಲ್‌ಔಟ್ 3'ರಲ್ಲೂ ಹೀಗೇ ಆಗಿತ್ತು ಅಂದ. 2008ರ ಗೇಮ್ ಅದು. ಕೊನೆಯಲ್ಲಿ ವಿಕಿರಣ ತುಂಬಿದ ಕೋಣೆಗೆ ಯಾರಾದರೂ ಹೋಗಬೇಕು, ಹೋದವರು ಸಾಯುತ್ತಾರೆ. ನಿಮ್ಮ ಜೊತೆಯಲ್ಲಿ ಫಾಕ್ಸ್ ಅನ್ನೋ ದೈತ್ಯ ಇರಬಹುದು, ಅವನಿಗೆ ವಿಕಿರಣ ತಟ್ಟೋದೇ ಇಲ್ಲ. ನೀನು ಹೋಗಪ್ಪ ಅಂದರೆ ಅವನು ಒಲ್ಲೆ ಅಂತಾನೆ. ಜನ ರೇಗಿದ್ದು ಸಹಜ. 2009ರಲ್ಲಿ 'ಬ್ರೋಕನ್ ಸ್ಟೀಲ್' ಅನ್ನೋ ಸೇರ್ಪಡೆ ಬಂತು, ಅವನನ್ನ ಕಳಿಸೋಕೆ ದಾರಿಯಾಯಿತು. ಇಲ್ಲಿ ಅಭಿಮಾನಿಗಳು ಸಿಹಿ ಬೇಡಿರಲಿಲ್ಲ. ನೀವೇ ಕಟ್ಟಿದ ಲೋಕದ ನಿಯಮವನ್ನ ನೀವೇ ಮುರಿದಿದ್ದೀರಿ ಅಂತ ತೋರಿಸಿದ್ದರು. ಅಂಥ ಮಾತನ್ನ ಕೇಳದ ಡೆವಲಪರ್ ತನ್ನ ಗೇಮನ್ನೇ ಕೇಳುತ್ತಿಲ್ಲ ಅಂತ ನಾನು ಹೇಳ್ತೀನಿ.

ಮಾಸ್ ಎಫೆಕ್ಟಿನ ಉಳಿದರ್ಧವೂ ಆಗ ಕಾಣಿಸಿತು. ಬಯೋವೇರ್‌ನವರು ಕೊನೆಯನ್ನ ಸಿಹಿ ಮಾಡಿರಲಿಲ್ಲ. ಮೂರು ಆಯ್ಕೆಯನ್ನ ಹಾಗೇ ಇಟ್ಟು, ಒಂದೊಂದರ ಪರಿಣಾಮ ಏನು ಅಂತ ಬಿಡಿಸಿ ತೋರಿಸಿದರು. ಜೊತೆಗೆ ನಾಲ್ಕನೆಯದೊಂದು ಸೇರಿಸಿದರು: ಮೂರೂ ಬೇಡ ಅನ್ನೋದು. ಹಾಗೆ ಅಂದರೆ ಯುದ್ಧ ಸೋಲುತ್ತೀರಿ, ಎಲ್ಲ ಮುಗಿಯುತ್ತೆ. ಒಲ್ಲೆ ಅನ್ನೋ ಹಕ್ಕನ್ನೂ ಕೊಟ್ಟರು, ಅದರ ಬೆಲೆಯನ್ನೂ ಇಟ್ಟರು.

ಮೇ ತಿಂಗಳ ಬಿಸಿಲಲ್ಲಿ, ಕರೆಂಟ್ ಹೋದಾಗ ಪುಸ್ತಕದಲ್ಲಿ, ಬಂದಾಗ ಕಂಪ್ಯೂಟರಿನಲ್ಲಿ, ಮೂವತ್ತೊಂದನೇ ದಿನವನ್ನ ಹೊಸದಾಗಿ ಬರೆದೆ. ಒರತೆ ತೆಗೆದುಹಾಕಿದೆ. ಗೌರಜ್ಜಿಯ ಗುಡಿಸಲಲ್ಲಿ 'ಬೆನ್ನ ಮೇಲೆ ಹೊತ್ತುಕೋ' ಅಂತ ಒಂದು ಆಯ್ಕೆ ಬಂತು. ಒತ್ತಿದರೆ ನೀರುಗಂಟಿ ಬಗ್ಗುತ್ತಾನೆ. ಗೌರಜ್ಜಿ ಅವನ ಬೆನ್ನ ಮೇಲೆ ಕೈ ಇಡುತ್ತಾಳೆ, ಹತ್ತಲ್ಲ. "ನನ್ನೊಬ್ಬಳನ್ನ ಹೊತ್ತುಕೊಂಡು ಹೋದ್ರೆ ಈ ಆರು ಜನರನ್ನ ಯಾರು ಹೊರ್ತಾರೆ ಮಗ?" ಅಂತಾಳೆ. ಗುಡಿಸಲಿನೊಳಗೆ ಕೆಮ್ಮಿನ ಸದ್ದು ಕೇಳುತ್ತೆ. ಇಷ್ಟೇ. ಈ ಒಂದು ಸಾಲಿಗೆ ನನಗೆ ಒಂಬತ್ತು ದಿನ ಹಿಡಿಯಿತು. ಮೊದಲ ಪ್ರಯತ್ನಗಳಲ್ಲೆಲ್ಲ ಅವಳು ದೊಡ್ಡ ತ್ಯಾಗದ ಮಾತಾಡುತ್ತಿದ್ದಳು. ರಾಗಿ ಅಂಬಲಿ ಕಾಯಿಸಿ ಬಡಿಸಿದ ಹೆಂಗಸು ಹಾಗೆ ಮಾತಾಡಲ್ಲ. ತಲೆ ಎಣಿಸಿ ಮಾತಾಡುತ್ತಾಳೆ.

ಇನ್ನೊಂದು ಆಯ್ಕೆಯನ್ನೂ ಹಾಕಿದೆ, 'ತೂಬಿಗೆ ಕೈ ಹಚ್ಚಲ್ಲ' ಅಂತ. ಅದನ್ನ ಆರಿಸಿದರೆ ದಳವಾಯಿಯ ಕಡೆಯವರು ಬಂದು ತೂಬಿನ ಕಲ್ಲನ್ನೇ ಒಡೆಯುತ್ತಾರೆ. ಅರ್ಧ ನೀರು ಬಂಡೆ ಮೇಲೆ ಹರಿದು ಹಾಳಾಗುತ್ತೆ.

ಹಿರಿಯೂರಿನ ಹುಡುಗನಿಗೆ ಮೊದಲು ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ ಮೆಸೇಜ್ ಬಂತು. "ಕೇಳ್ದೆ ಅಕ್ಕಾ. ಬೆನ್ನು ಬಗ್ಗಿಸ್ದೆ. ಅವಳೇ ಬರ್ಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ತೂಬು ಎತ್ತಿದೆ" ಅಂತ ಇನ್ನೊಂದು. ಗೌರಜ್ಜಿ ಈಗಲೂ ಸಾಯುತ್ತಾಳೆ. ಅವನು ಮತ್ತೆ ಯಾಕೆ ಅಂತ ಕೇಳಲಿಲ್ಲ.

ಎಲ್ಲರೂ ಹಾಗೆ ಒಪ್ಪಲಿಲ್ಲ. ಕೊಟ್ಟಿದ್ದನ್ನ ಕಿತ್ತುಕೊಂಡಿರಿ ಅಂತ ಐದು ಜನ ಗೇಮನ್ನೇ ತೆಗೆದುಹಾಕಿದರು. ಅವರ ಸಿಟ್ಟು ನ್ಯಾಯವಾದದ್ದು. ಒರತೆಯನ್ನ ಮೊದಲೇ ಕೊಡಬಾರದಿತ್ತು. ಅವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ, ಕಾರಣ ಹೇಳಿದೆ. ಇಬ್ಬರು ವಾಪಸ್ ಬಂದರು.

ನಡುವೆ ಬೆಂಗಳೂರಿನ ಒಂದು ಕಂಪನಿಯವರು ಮಾತಾಡಿದ್ದರು. ಜಾಹೀರಾತು ನೋಡಿದರೆ ಒಂದು ಕೊಡ ನೀರು ಕೊಡೋ ಹಾಗೆ ಮಾಡಿ, ಜನ ಗೌರಜ್ಜಿಗೋಸ್ಕರ ಎಷ್ಟು ಬೇಕಾದರೂ ನೋಡುತ್ತಾರೆ ಅಂದರು. ಫ್ಯಾನ್ಸ್ ಕೇಳ್ತಿರೋದೇ ಅದನ್ನಲ್ಲವಾ ಅಂತಲೂ ಅಂದರು. ಆ ಮಾತು ನನಗೆ ತುಂಬಾ ನೋವು ಮಾಡಿತು. 'ಡಯಾಬ್ಲೊ 3' ಅನ್ನೋ ಗೇಮಿನಲ್ಲಿ ನಿಜವಾದ ದುಡ್ಡು ಕೊಟ್ಟು ಆಯುಧ ಕೊಳ್ಳೋ ಹರಾಜುಕಟ್ಟೆ ಇಟ್ಟಿದ್ದರು. ರಾಕ್ಷಸರನ್ನ ಹೊಡೆದು ಗಳಿಸೋ ಸಂತೋಷವೇ ಅದರಿಂದ ಹಾಳಾಗುತ್ತಿದೆ ಅಂತ ಕೊನೆಗೆ ಮಾಡಿದವರೇ ಒಪ್ಪಿಕೊಂಡು, 2014ರ ಮಾರ್ಚಿನಲ್ಲಿ ಮುಚ್ಚಿದರು. ಅಜ್ಜಿಯ ಮೇಲಿನ ಪ್ರೀತಿಗೆ ದರ ಕಟ್ಟೋ ಕೆಲಸ ನಮ್ಮಿಂದ ಆಗಲ್ಲ ಅಂತ ಹೇಳಿ ಕಳಿಸಿದೆ.

ಮತ ಹಾಕಿಸೋದನ್ನ ಮಾತ್ರ ನಿಲ್ಲಿಸಿದ್ದೇನೆ. ಮತದಿಂದ ನಡೆಯೋ ಗೇಮ್ ಇಲ್ಲ ಅಂತಲ್ಲ. 2013ರಲ್ಲಿ ಶುರುವಾದ 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್'ನಲ್ಲಿ ಹೊಸದೇನಾದರೂ ಸೇರಿಸಬೇಕಾದರೆ ಆಟಗಾರರ ಮತಕ್ಕೆ ಹಾಕುತ್ತಾರೆ. ಮೊದಲು 75 ಶೇಕಡಾ ಬೇಕಿತ್ತು, 2022ರಿಂದ 70. ಅದು ಜನ ವರ್ಷಗಟ್ಟಲೆ ಬದುಕೋ ಊರಿನ ಥರ, ಅಲ್ಲಿ ಊರಿನವರ ಒಪ್ಪಿಗೆ ಬೇಕೇ ಬೇಕು. ನಮ್ಮದು ನಲವತ್ತು ದಿನಕ್ಕೆ ಮುಗಿಯೋ ಕಥೆ. ಅದರ ಕೊನೆಯನ್ನ ಎಣಿಸಿ ಬರೆಯೋಕೆ ಬರಲ್ಲ.

ಈಗ ಎರಡನೇ ಭಾಗ ಬರೀತಿದ್ದೇನೆ. ಈ ಸಲ ಮೊದಲ ಹತ್ತು ದಿನದ ಕಥೆಯನ್ನಷ್ಟೇ ಜನರಿಗೆ ಕೊಟ್ಟಿದ್ದೇವೆ. 'ಬಾಲ್ಡರ್ಸ್ ಗೇಟ್ 3' ಅನ್ನೋ ಆರ್‌ಪಿಜಿ ಮಾಡಿದ ಬೆಲ್ಜಿಯಂನ ಲಾರಿಯನ್ ಸ್ಟುಡಿಯೋದವರು ಹಾಗೇ ಮಾಡಿದ್ದು. 2020ರ ಅಕ್ಟೋಬರಿನಲ್ಲಿ ಮೊದಲ ಅಂಕವನ್ನ ಮಾತ್ರ ಜನರ ಕೈಗಿಟ್ಟರು. 2023ರ ಆಗಸ್ಟಿನಲ್ಲಿ ಪೂರ್ತಿ ಬರೋವರೆಗೆ ಅದನ್ನ ಆಡಿಸಿ, ಕೇಳಿ, ತಿದ್ದಿದರು. ಮುಂದಿನ ಕಥೆಯನ್ನ ತಮ್ಮಲ್ಲೇ ಇಟ್ಟುಕೊಂಡರು. ಪೂರ್ತಿ ಬಂದ ಮೇಲೆ, ಜೊತೆಗಾರರನ್ನ ಸರಿಯಾಗಿ ಬೀಳ್ಕೊಡೋಕೂ ಆಗದೆ ಕಥೆ ಮುಗಿದುಹೋಯಿತು ಅಂತ ಜನ ಬೇಜಾರು ಮಾಡಿಕೊಂಡಾಗ, ಅದೇ ನವೆಂಬರಿನಲ್ಲಿ, ಕಥೆ ಮುಗಿದು ಆರು ತಿಂಗಳಾದ ಮೇಲೆ ಎಲ್ಲರೂ ಒಂದೆಡೆ ಸೇರೋ ಒಂದು ರಾತ್ರಿಯನ್ನ ಸೇರಿಸಿಕೊಟ್ಟರು. ನನಗೆ ಆ ರಾತ್ರಿ ತುಂಬಾ ಇಷ್ಟ. ಅಕ್ಕನ ಮಗ ಆಡುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. ಯಾರ ಗಾಯವನ್ನೂ ಅಳಿಸದೆ ಎಲ್ಲರನ್ನೂ ಇನ್ನೊಂದು ಸಲ ಮಾತಾಡಿಸೋಕೆ ಬಿಟ್ಟರು.

ಮೊನ್ನೆ ಚಳ್ಳಕೆರೆಯಿಂದ ಏಳನೇ ಕ್ಲಾಸಿನ ಒಬ್ಬ ಹುಡುಗಿಯ ಫೀಡ್‌ಬ್ಯಾಕ್ ಬಂತು, ಅವರಪ್ಪನ ಫೋನಿನಿಂದ. ಗುಡಿಸಲ ಮುಂದೆ ಮಲಗಿರೋ ನಾಯಿಗೆ ನೀರು ಕುಡಿಸೋಕೆ ಯಾಕೆ ಆಗಲ್ಲ ಅಂತ. ಆ ನಾಯಿಯನ್ನ ನಾವು ಚಿತ್ರಕ್ಕೆ ಚೆಂದ ಕಾಣಲಿ ಅಂತ ಹಾಕಿದ್ದೆವು, ಅಷ್ಟೆ. ನಾಲಿಗೆ ಹೊರಗೆ ಹಾಕಿ ಮಲಗಿರುತ್ತೆ. ನೀರುಗಂಟಿಯ ಕೈಯಲ್ಲಿ ಸದಾ ಒಂದು ಕೊಡ ಇರುತ್ತೆ. ಕೇಳಿದ ಮೇಲೆ ನಮಗೇ ಆ ದೃಶ್ಯ ನೋಡೋಕೆ ಆಗುತ್ತಿಲ್ಲ.

ಇವತ್ತು ರಾತ್ರಿ ಶಟರ್ ಎಳೆದ ಮೇಲೆ ಅದನ್ನ ಹಾಕ್ತೀವಿ. ಅಕ್ಕನ ಮಗ ನಾಯಿ ಎದ್ದು ಬಾಲ ಅಲ್ಲಾಡಿಸೋ ಚಿತ್ರ ಆಗಲೇ ಬರೆದಿಟ್ಟಿದ್ದಾನೆ. ಆ ಒಂದು ಬೊಗಸೆ ನೀರನ್ನ ಯಾರ ಪಾಲಿನಿಂದ ಕಳೀಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಲೆಡ್ಜರ್ ತೆರೆದುಕೊಂಡು ಕೂತಿದ್ದೇವೆ.